ಗ್ರೇಸ್ ಹೆಸರಿಗಾಗಿ ಹ್ಯಾಂಬರ್ಗಿಗೆ

ಸೋಗಾನೆ

ವಿದೇಶಕ್ಕೆ ಹೋಗಿಬಂದವರು ಬರೆದದ್ದನ್ನು ನಾನೂ ಬೇಕಾದಷ್ಟು ಓದಿದ್ದೇನೆ. ರಸ್ತೆಗಳು ಎಷ್ಟು ಚೊಕ್ಕ, ಜನ ಎಷ್ಟು ಶಿಸ್ತು, ನಮ್ಮವರು ಯಾವಾಗ ಕಲಿಯುತ್ತಾರೋ ಎಂಬ ನಿಟ್ಟುಸಿರು. ಇಲ್ಲಿ ಆ ನಿಟ್ಟುಸಿರು ಸಿಗುವುದಿಲ್ಲ. ಅರವತ್ತೇಳನೆಯ ವಯಸ್ಸಿನಲ್ಲಿ, ಎರಡೂ ಮೊಣಕಾಲಿಗೆ ಪಟ್ಟಿ ಹಾಕಿಕೊಂಡು, ನಾನು ಹ್ಯಾಂಬರ್ಗಿಗೆ ಹೋದದ್ದು ಜಗಳ ಆಡುವುದಕ್ಕೆ.

ಜೊತೆಗಿದ್ದವಳು ಸ್ಟೆಲ್ಲಾ. ಭದ್ರಾವತಿಯ ಜನ್ನಾಪುರದವಳು, ನರ್ಸ್ ಆಗಿ ನಿವೃತ್ತಳಾದವಳು. ನಾನು ಶಿವಮೊಗ್ಗದ ವಿನೋಬನಗರದಲ್ಲಿರುವವಳು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಸಾವಿತ್ರಿ ಮೇಡಂ. ಹುಟ್ಟಿ ಬೆಳೆದದ್ದು ಭದ್ರಾವತಿಯ ನ್ಯೂಟೌನಿನಲ್ಲಿ. ಅಪ್ಪ ಅಲ್ಲಿ ಸಂಸ್ಕೃತದ ಮೇಷ್ಟರು. ತಮಿಳು ಕ್ರೈಸ್ತರ ಮನೆಯ ಸ್ಟೆಲ್ಲಾಳನ್ನೂ ಪಂಡಿತರ ಮನೆಯ ನನ್ನನ್ನೂ ಒಟ್ಟಿಗೆ ತಂದವಳು ಗ್ರೇಸ್. ಕಬ್ಬಿಣದ ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಫೌಂಡ್ರಿಯ ಕೆಲಸಗಾರರ ಮಗಳು. ಅವಳು ತೀರಿಕೊಂಡು ಹತ್ತು ವರ್ಷ ದಾಟಿತು.

ಇದೆಲ್ಲ ಶುರುವಾದಾಗ ನಮಗೆಲ್ಲ ಇಪ್ಪತ್ತೆರಡರ ವಯಸ್ಸು. ಕಬ್ಬಿಣದ ಕಾರ್ಖಾನೆಗೆ ಕುಲುಮೆ ಕೂರಿಸಲು ಜರ್ಮನಿಯಿಂದ ಕ್ಲೌಸ್ ಎಂಬ ಎಂಜಿನಿಯರ್ ಬಂದಿದ್ದರು. ಅವರ ಹತ್ತಿರ ಅಮೆರಿಕದ ಕಪ್ಪು ಜನರು ಹಾಡಿದ ಸೋಲ್ ಸಂಗೀತದ ಗ್ರಾಮಫೋನ್ ಪ್ಲೇಟುಗಳಿದ್ದವು. ಒಬ್ಬರು ಎದೆ ಬಿರಿಯುವ ಹಾಗೆ ಮೊರೆಯಿಟ್ಟು ಕೇಳುತ್ತಾರೆ, ಹಿಂದೆ ನಿಂತವರು ಸಮಾಧಾನ ಹೇಳುವ ಹಾಗೆ ಉತ್ತರ ಕೊಡುತ್ತಾರೆ. ಚರ್ಚಿನ ಕ್ವಾಯರ್‌ನಲ್ಲಿ ಹಾಡುತ್ತಿದ್ದ ಗ್ರೇಸ್ ಅವನ್ನು ನಾಲ್ಕು ದಿನ ಕೇಳಿದಳು. ಐದನೆಯ ದಿನ ಕನ್ನಡದಲ್ಲಿ ತನ್ನದೇ ಒಂದು ಹಾಡು ಕಟ್ಟಿಕೊಂಡು ಬಂದಳು. ರಾತ್ರಿ ಪಾಳಿಗೆ ಹೊರಟ ಗಂಡನಿಗೆ ಹೆಂಡತಿ ಹೇಳುವ ಹಾಡು:

ಸೈರನ್ನು ಕೂಗಿತು, ಹೋಗ್ಬಾರೋ ನಲ್ಲ,
ಅನ್ನ ಆರೋ ಮುಂಚೆ ಬಂದ್ಬಿಡೋ.

ಹಾಗೆ ಒಂಬತ್ತು ಹಾಡು ಕಟ್ಟಿದಳು. ನಾವು ಮೂವರು ನ್ಯೂಟೌನ್ ಸಿಸ್ಟರ್ಸ್ ಎಂದು ಹೆಸರಿಟ್ಟುಕೊಂಡು ಚರ್ಚಿನ ಹಾಲ್‌ನಲ್ಲಿ ಹಾಡಿದೆವು. ಗ್ರೇಸ್ ಮುಂದೆ, ಸ್ಟೆಲ್ಲಾಳದು ತಗ್ಗಿನ ದನಿ, ನನ್ನದು ಮೇಲಿನದು. ಹದಿನೈದು ದಿನ ಮಧ್ಯಾಹ್ನಗಳಲ್ಲಿ ಕ್ಲೌಸ್ ಸ್ಪೂಲ್ ಟೇಪಿನಲ್ಲಿ ಹಿಡಿದರು. ಕಾರ್ಖಾನೆಯ ಸೈರನ್ ಕೂಗಿದಾಗಲೆಲ್ಲ ನಿಲ್ಲಿಸಬೇಕು, ಮತ್ತೆ ಮೊದಲಿಂದ. ಅಪ್ಪನಿಗೆ ಹೊಲಿಗೆ ಕ್ಲಾಸಿಗೆ ಹೋಗುತ್ತೇನೆ ಎಂದಿದ್ದೆ. ಕ್ಲೌಸ್ ಟೇಪುಗಳನ್ನು ತೆಗೆದುಕೊಂಡು ಊರಿಗೆ ಹೋದರು. ಪ್ಲೇಟ್ ಮಾಡಿಸಿ ಕಳಿಸುತ್ತೇನೆ ಅಂದರು. ಬರಲಿಲ್ಲ. ಗ್ರೇಸ್ ವರ್ಷಗಟ್ಟಲೆ ಕಾದು, ಒಮ್ಮೆ ಬೇಸತ್ತು "ಟೇಪು ಹಾಳಾಗಿರ್ಬೇಕು ಬಿಡ್ರೇ" ಅಂದಳು. ನರ್ಸರಿ ಶಾಲೆಯಲ್ಲಿ ಮಕ್ಕಳಿಗೆ ಅಆಇಈ ಹೇಳಿಕೊಟ್ಟುಕೊಂಡು ಆಯುಷ್ಯ ಕಳೆದಳು.

ಹೋದ ವರ್ಷ ಒಂದು ಬೆಳಿಗ್ಗೆ ಸ್ಟೆಲ್ಲಾ ಫೋನ್ ಮಾಡಿದಳು.

"ಏ ಸಾವಿತ್ರಿ, ಟೈಲರ್ ಅಂಗಡೀಲಿದೀನಿ. ಅವನ ಫೋನಲ್ಲಿ ನಾನು ಹಾಡ್ತಿದೀನಿ ಕಣೇ."

"ಏನು ಹೇಳ್ತಿದೀಯ ಮಾರಾಯ್ತಿ?"

"ಅಯ್ಯೋ, ಕೇಳಿಲ್ಲಿ!"

ಯಾವಳೋ ಒಬ್ಬಳು ಕಾಫಿ ಮಾಡುವ ರೀಲ್. ಹಿಂದೆ ಗ್ರೇಸ್, ಅವಳ ಹಿಂದೆ ನಾವಿಬ್ಬರು. ಹುಡುಕಿದಾಗ ಎಲ್ಲ ಹೊರಬಿತ್ತು. ಕ್ಲೌಸ್ ಆಗಲೇ ಪ್ಲೇಟ್ ಮಾಡಿಸಿದ್ದರು, ಯಾರೂ ಕೊಂಡಿರಲಿಲ್ಲ. ಈಗ ಹಳೆ ಸಾಮಾನಿನ ಸಂತೆಯಲ್ಲಿ ಯಾರಿಗೋ ಒಂದು ಪ್ರತಿ ಸಿಕ್ಕಿ, ಹ್ಯಾಂಬರ್ಗಿನ ಒಂದು ಪುಟ್ಟ ಕಂಪನಿ ಅದನ್ನು ಮತ್ತೆ ಹೊರತಂದಿತ್ತು. ಕಂಡವರೆಲ್ಲ ಅದನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರು. ಪ್ಲೇಟಿನ ಹೊದಿಕೆಯ ಹಿಂಬದಿಯಲ್ಲಿ ಅಚ್ಚಾಗಿತ್ತು: ಸಾಹಿತ್ಯ, ಸಂಗೀತ ಕ್ಲೌಸ್. ಹಾಡಿದವರು ಭದ್ರಾವತಿಯ ಮೂವರು ಅಜ್ಞಾತ ಹುಡುಗಿಯರು.

ಅಜ್ಞಾತ! ನಾವೇನು ವಿರಾಟನ ಮನೆಯಲ್ಲಿ ಅಡಗಿ ಕೂತಿದ್ದೆವಾ? ಇಬ್ಬರೂ ಇಲ್ಲೇ, ಹದಿನೆಂಟು ಕಿಲೋಮೀಟರ್ ಅಂತರದಲ್ಲಿ, ವೋಟರ್ ಲಿಸ್ಟಿನಲ್ಲಿ ಹೆಸರಿಟ್ಟುಕೊಂಡು ಬದುಕಿದ್ದೆವು. ಕ್ಲೌಸ್‌ಗೆ ಒಂದು ಪಲ್ಲವಿ ಕನ್ನಡದಲ್ಲಿ ಓದಲೂ ಬರುತ್ತಿರಲಿಲ್ಲ.

ಕಂಪನಿಗೆ ಬರೆದೆ. ಜೋನಾಸ್ ಎಂಬ ತರುಣ ಸಂತೋಷದಿಂದ ಉಕ್ಕಿ ಉತ್ತರ ಬರೆದ. ಬನ್ನಿ, ಸಭೆ ಮಾಡುತ್ತೇವೆ, ಟಿಕೆಟ್ ನಮ್ಮದು. ಗ್ರೇಸ್ ಹೆಸರಿನ ವಿಷಯಕ್ಕೆ ಮಾತ್ರ "ಬಂದಾಗ ಮಾತಾಡೋಣ" ಎಂದಿತ್ತು.

ಸೋಗಾನೆಯ ವಿಮಾನ ನಿಲ್ದಾಣಕ್ಕೆ ನನ್ನ ಯಜಮಾನರು ಬಿಡಲು ಬಂದಿದ್ದರು. ದಾರಿಯುದ್ದಕ್ಕೂ ಒಂದೇ ಮಾತು: "ನಲವತ್ತೆರಡು ವರ್ಷ ಸಂಸಾರ ಮಾಡಿದೀವಿ. ಹಾಡ್ತಿದ್ದೆ ಅಂತ ಒಂದು ಸಲಾನೂ ಹೇಳ್ಲಿಲ್ವಲ್ಲೇ?"

"ನೀವು ಕೇಳ್ಲಿಲ್ಲ" ಅಂದೆ. ಆ ಉತ್ತರ ನನಗೇ ಹಿಡಿಸಲಿಲ್ಲ. ಒಳಗೆ ತಪಾಸಣೆಯವರು ಸ್ಟೆಲ್ಲಾಳ ಕೈಚೀಲದಿಂದ ಮಾವಿನಮಿಡಿ ಉಪ್ಪಿನಕಾಯಿ ತೆಗೆದಿಟ್ಟರು. ದ್ರವ ಪದಾರ್ಥ ಅಂತೆ. "ಮಿಡಿ ಹೇಗ್ರೀ ದ್ರವ ಆಗುತ್ತೆ?" ಎಂದು ನಾನು ಜಗಳಕ್ಕೆ ನಿಂತೆ. ಸ್ಟೆಲ್ಲಾ ಎಳೆದುಕೊಂಡು ಹೋದಳು. "ಅಲ್ಲಿಗೆ ಅಂತ ಸ್ವಲ್ಪ ಉಳಿಸ್ಕೋ" ಅಂದಳು.

ಹ್ಯಾಂಬರ್ಗ್, ಮೊದಲ ದಿನ

ಪಾಸ್‌ಪೋರ್ಟ್ ನೋಡಿದ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದ. ನಿಜ ಹೇಳಿದರೆ ಅಲ್ಲಿಂದಲೇ ವಾಪಸ್. "ಸಂಗೀತ ಕಾರ್ಯಕ್ರಮ" ಅಂದೆ. ಅವನು ನಮ್ಮಿಬ್ಬರ ನರೆತ ಕೂದಲನ್ನೂ, ಸ್ಟೆಲ್ಲಾ ಸ್ವೆಟರ್ ಜೊತೆಗೆ ಹಾಕಿಕೊಂಡಿದ್ದ ಮಂಕಿ ಕ್ಯಾಪನ್ನೂ ನೋಡಿ, ನಗು ನುಂಗಿಕೊಂಡು ಮುದ್ರೆ ಒತ್ತಿದ.

ಜೂನ್ ತಿಂಗಳು. ಅವರ ಪ್ರಕಾರ ಬೇಸಿಗೆ. ನಮ್ಮ ಜುಲೈನ ಜಿಟಿಜಿಟಿ, ಅದರ ಮೇಲೆ ಚಳಿಗಾಳಿ. ವಸತಿಗೃಹದ ಎದುರಿಗೇ ದಿನಸಿ ಅಂಗಡಿ ಕಂಡಿತು. ರಸ್ತೆಯಲ್ಲಿ ಆ ತುದಿಯಿಂದ ಈ ತುದಿಯವರೆಗೆ ಒಂದು ಸೈಕಲ್ಲೂ ಇಲ್ಲ. ದಾಟಿದೆವು. ಆ ಕಡೆ ನಿಂತಿದ್ದ ಮುದುಕಿಯೊಬ್ಬಳು ನಮ್ಮನ್ನು ಹಿಡಿದು ನಿಲ್ಲಿಸಿ ಬೈಯತೊಡಗಿದಳು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತದೆ. ಕಂಬದ ಮೇಲಿನ ದೀಪದಲ್ಲಿ ಕೆಂಪು ಮನುಷ್ಯ ನಿಂತಿದ್ದಾನೆ, ಅವನು ಹಸಿರಾಗುವವರೆಗೆ ಕಾಯಬೇಕು. ಖಾಲಿ ರಸ್ತೆಗೂ ಇಷ್ಟು ಮರ್ಯಾದೆ ಕೊಡುವ ಜನ ಒಬ್ಬ ಹೆಣ್ಣುಮಗಳ ಹಾಡಿಗೆ ಹೆಸರು ಹಾಕುವಾಗ ಮಾತ್ರ ದೀಪ ನೋಡಲಿಲ್ಲ. ಅದನ್ನೇ ಕನ್ನಡದಲ್ಲಿ ಆ ಮುದುಕಿಗೆ ಹೇಳಿದೆ. ಅವಳೂ ಜರ್ಮನ್‌ನಲ್ಲಿ ಮುಂದುವರಿಸಿದಳು. ಐದು ನಿಮಿಷ ಇಬ್ಬರೂ ಮನಸಾರೆ ಜಗಳವಾಡಿದೆವು. ಆಮೇಲೆ ಅವಳೇ ನನ್ನ ಮೊಣಕಾಲಿನ ಪಟ್ಟಿ ನೋಡಿ, ತನ್ನ ಮೊಣಕಾಲನ್ನೂ ತೋರಿಸಿ, ತಲೆಯಾಡಿಸಿ ಹೋದಳು. ಇಡೀ ಪ್ರವಾಸದಲ್ಲಿ ನನಗೆ ಇಷ್ಟವಾದ ಜರ್ಮನ್ ಹೆಂಗಸು ಅವಳೊಬ್ಬಳೇ.

ನೀರು ಕೊಂಡರೆ ಅದರಲ್ಲಿ ಸೋಡಾ. ಸ್ಟೆಲ್ಲಾ ಮಾತ್ರೆ ಬಾಯಿಗೆ ಹಾಕಿಕೊಂಡು ಗಟಗಟ ಕುಡಿದು ಮೂಗಿನಿಂದ ಹೊರಗೆ ತಂದಳು. ಸಂಜೆಯ ಊಟಕ್ಕೆ ಬ್ರೆಡ್ಡು, ಚೀಸು, ಸೌತೆಕಾಯಿ ಹೋಳು. ಅಲ್ಲಿ ಎಷ್ಟೋ ಮನೆಗಳಲ್ಲಿ ರಾತ್ರಿ ಒಲೆ ಹಚ್ಚುವುದಿಲ್ಲವಂತೆ. "ನಮ್ಮಲ್ಲಿ ಸೂತಕದ ಮನೇಲಿ ಮಾತ್ರ ಹೀಗೆ" ಅಂದೆ.

"ಉಪ್ಪಿನಕಾಯಿ ಇದ್ದಿದ್ರೆ..." ಎಂದಳು ಸ್ಟೆಲ್ಲಾ. ಪಾಪ, ಅವಳ ಕಣ್ಣಲ್ಲಿ ನೀರೇ ಬಂದಿತ್ತು.

ಜೋನಾಸನ ಅಂಗಡಿ

ಮಾರನೆಯ ದಿನ ಜೋನಾಸನ ಅಂಗಡಿಗೆ ಹೋದೆವು. ಹಳೆಯ ಕಟ್ಟಡದ ನೆಲಮಾಳಿಗೆ. ಗೋಡೆ ತುಂಬ ಪ್ಲೇಟುಗಳು. ಮೂವತ್ತರ ಆಸುಪಾಸಿನ ಜೋನಾಸ್ ನಮ್ಮನ್ನು ಕಂಡು ಅತ್ತೇಬಿಟ್ಟ. ನಮ್ಮ ಹಾಡು ಕೇಳಿ ತನ್ನ ಬದುಕು ಬದಲಾಯಿತು ಅಂದ. ನನಗೆ ಕರಗುವ ಹಾಗಾಯಿತು. ಅಷ್ಟರಲ್ಲಿ ಅವನು ಹೊಸ ಮುದ್ರಣ ತಂದು ಕೈಯಲ್ಲಿಟ್ಟ.

ಈಗ ಅದರಲ್ಲಿ ನಮ್ಮ ಹೆಸರಿತ್ತು. ಸಾವಿತ್ರಿ, ಸ್ಟೆಲ್ಲಾ, ಗ್ರೇಸ್, ಹಾಡಿದವರು. ಅದರ ಕೆಳಗೆ ಮತ್ತೆ ಅದೇ ಸಾಲು. ಸಾಹಿತ್ಯ, ಸಂಗೀತ ಕ್ಲೌಸ್.

"ನಾನು ನಿಮಗೆ ಆರು ಪತ್ರ ಬರೆದೆ. ಆರರಲ್ಲೂ ಹೇಳಿದೆ. ಇದು ಗ್ರೇಸ್ ಕಟ್ಟಿದ್ದು" ಅಂದೆ, ಇಂಗ್ಲಿಷಿನಲ್ಲಿ.

ಜೋನಾಸ್ ನೆಲ ನೋಡಿದ. ಹಕ್ಕು ಕ್ಲೌಸ್ ಹೆಸರಿನಲ್ಲಿ ನೋಂದಣಿಯಾಗಿದೆ, ಅವರು ತೀರಿಕೊಂಡ ಮೇಲೆ ಮಗಳಿಗೆ ಬಂದಿದೆ, ಅವರ ಒಪ್ಪಿಗೆಯಿಲ್ಲದೆ ಒಂದಕ್ಷರ ಬದಲಿಸಲು ಆಗದು. "ಪುರಾವೆ ಇದ್ದರೆ..." ಅಂದ.

"ಪುರಾವೆ ಬೇಕೇನಯ್ಯಾ?" ನನ್ನ ಬಾಯಿಂದ ಕನ್ನಡವೇ ಹೊರಟಿತು. "ಹಾಡು ಯಾವ ಭಾಷೇಲಿದೆ? ಆ ಮನುಷ್ಯನಿಗೆ 'ಅನ್ನ' ಅನ್ನೋಕೆ ಬರ್ತಿತ್ತಾ? 'ಅನ್ನಾ' ಅಂತಿದ್ದ, ಆ ಹೆಸರಿನ ಯಾವಳೋ ಹೆಂಗಸನ್ನ ಕರೆದ ಹಾಗೆ!"

ಸ್ಟೆಲ್ಲಾ ನನ್ನ ತೋಳು ಹಿಡಿದಳು. "ಬೈಬೇಡ ಕಣೇ, ಹುಡುಗ ಹೆದರ್ಕೊಂಡಿದಾನೆ." ಮತ್ತೆ ಅವನ ಕಡೆ ತಿರುಗಿ ತನ್ನ ಆಸ್ಪತ್ರೆಯ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: ಕ್ಲೌಸ್ ಕಾಲದ ಆ ಟೇಪುಗಳು ಈಗ ಎಲ್ಲಿವೆ?

ಅವು ಮಗಳ ಮನೆಯಲ್ಲಿದ್ದವು. ಜೋನಾಸ್ ಅವನ್ನು ಪೂರ್ತಿ ನಕಲು ಮಾಡಿಕೊಂಡಿದ್ದ. ಹಾಡುಗಳ ನಡುವೆ ತುಂಬ ಮಾತುಕತೆ ಇತ್ತಂತೆ. ಭಾಷೆ ಗೊತ್ತಾಗಲಿಲ್ಲ, ಕೊನೆಯವರೆಗೆ ಕೇಳದೆ ಪ್ಲೇಟಿನಿಂದ ಕತ್ತರಿಸಿ ತೆಗೆದೆ ಅಂದ. ನಾನೂ ಸ್ಟೆಲ್ಲಾಳೂ ಮುಖ ಮುಖ ನೋಡಿಕೊಂಡೆವು.

"ಈಗಲೇ ಕೇಳಬೇಡ. ಆ ಮಗಳ ಮುಂದೇನೆ ಕೇಳೋಣ" ಅಂದಳು ಸ್ಟೆಲ್ಲಾ.

ಎಲ್ಬೆ ನದಿಯ ಆಚೆ

ಮಗಳ ಹೆಸರು ಉಲ್ರಿಕೆ. ನಮಗಿಂತ ನಾಲ್ಕೈದು ವರ್ಷ ಚಿಕ್ಕವಳು. ಎಲ್ಬೆ ನದಿಯನ್ನು ದೋಣಿಯಲ್ಲಿ ದಾಟಿ ಹೋಗಬೇಕು. ನದಿ ನಮ್ಮ ಭದ್ರೆಯಂಥದ್ದಲ್ಲ, ಹಡಗುಗಳನ್ನು ಹೊತ್ತ ಸಮುದ್ರದ ತುಂಡಿನ ಹಾಗಿತ್ತು. ದೋಣಿಯಲ್ಲಿ ಅಷ್ಟು ಜನರಿದ್ದರೂ ಸದ್ದೇ ಇಲ್ಲ. ಜನ್ನಾಪುರದ ಬಸ್ಸಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ನಮ್ಮ ಊರು, ರೋಗ, ಮಕ್ಕಳ ಮದುವೆ ಎಲ್ಲ ವಿಚಾರಣೆಯಾಗಿರುತ್ತಿತ್ತು.

ಉಲ್ರಿಕೆ ಬಾಗಿಲಲ್ಲೇ ಚಪ್ಪಲಿ ಬಿಡಿಸಿ, ಮನೆಯೊಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಕೊಟ್ಟಳು. ಕೇಕು ಕೊಯ್ದಳು. ಗೋಡೆಯ ಮೇಲೆ ಕ್ಲೌಸ್ ಪಿಯಾನೊ ಮುಂದೆ ಕೂತ ಚಿತ್ರ. ಅಪ್ಪ ಪ್ರತಿ ಕ್ರಿಸ್‌ಮಸ್‌ನಲ್ಲಿ ತಾನು ಇಂಡಿಯಾದಲ್ಲಿ ಕಟ್ಟಿದ ಹಾಡು ಎಂದು ಇದನ್ನು ನುಡಿಸುತ್ತಿದ್ದರು ಅಂದಳು. ತಾನು ಕಟ್ಟಿದ್ದು! ಕೇಕಿನ ತಟ್ಟೆ ಕೆಳಗಿಟ್ಟೆ.

"ನಿಮ್ಮಪ್ಪ ಸುಳ್ಳು ಹೇಳಿದರು" ಅಂದೆ.

"ನನ್ನ ಮನೆಯಲ್ಲಿ ಕೂತು ನೀವು ಹಾಗೆ ಹೇಳಬಾರದು" ಎಂದಳು ಉಲ್ರಿಕೆ, ದನಿ ಏರಿಸದೆ. ಆ ಜನ ಕೋಪ ಬಂದಷ್ಟೂ ಮೆತ್ತಗೆ ಮಾತಾಡುತ್ತಾರೆ.

ಜೊತೆಗೆ ಬಂದಿದ್ದ ಜೋನಾಸ್ ಲ್ಯಾಪ್‌ಟಾಪ್ ತೆರೆದು ಟೇಪಿನ ನಕಲು ಹಾಕಿದ. ಮೊದಲು ಬರೀ ಗರಗರ. ಆಮೇಲೆ ಕುರ್ಚಿ ಎಳೆದ ಸದ್ದು. ಆಮೇಲೆ ನಮ್ಮ ಗ್ರೇಸ್. ಹಾಡಿನ ಗ್ರೇಸ್ ಅಲ್ಲ, ಮಾತಿನ ಗ್ರೇಸ್.

"ಏ ಸಾವಿತ್ರಿ, ಎಲ್ಲಿದೆ ನಿನ್ನ ಗಮನ? ನಾನು ಬರೆದಿದ್ದು 'ಆರೋ ಮುಂಚೆ.' ನೀನು 'ಆರುವ ಮುನ್ನ' ಅಂತ ಪುಸ್ತಕ ಮಾಡ್ತೀಯಲ್ಲ! ಇದು ನಿಮ್ಮಪ್ಪನ ಕ್ಲಾಸಲ್ಲ ಕಣೇ. ಸ್ಟೆಲ್ಲಾ, ನಗ್ಬೇಡ. ನೀನು ಇವಳಿಗಿಂತ ಒಂದು ಉಸಿರು ತಡವಾಗಿ ಬಾ. ನಾನು ರಾತ್ರಿಯೆಲ್ಲಾ ಕೂತು ಇದನ್ನ ಹೊಂದಿಸಿದ್ದು ಸುಮ್ನೆ ಅಲ್ಲ."

ಅದರ ಹಿಂದೆಯೇ ಗಂಡಸಿನ ದನಿ, ಇಂಗ್ಲಿಷಿನಲ್ಲಿ. "ಗ್ರೇಸ್, ನೀನು ಬರೆದದ್ದರ ಅರ್ಥ ಏನು? ನನಗೂ ಸ್ವಲ್ಪ ಹೇಳು." ಗ್ರೇಸ್ ತನ್ನ ಹರಕು ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಗಂಡ ಕುಲುಮೆಯ ಹತ್ತಿರ ಕೆಲಸಕ್ಕೆ ಹೋಗುತ್ತಾನೆ, ಹೆಂಡತಿಗೆ ಭಯ, ಆದರೆ ಭಯ ಅನ್ನುವುದಿಲ್ಲ, ಅನ್ನ ಆರುತ್ತದೆ ಅನ್ನುತ್ತಾಳೆ.

ನಾನು ಸಾಲು ಸಾಲಾಗಿ ಉಲ್ರಿಕೆಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳಿಗೆ ಅದು ಬೇಕಿರಲಿಲ್ಲ. ಅಪ್ಪನ ಆಗಿನ ದನಿ "ನೀನು ಬರೆದದ್ದರ ಅರ್ಥ ಏನು" ಎಂದು ಕೇಳಿದ್ದು ಅವಳ ಕಿವಿಗೇ ಬಿದ್ದಿತ್ತು. ಆಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು.

"ಸರಿ. ಮುಂದಿನ ಮುದ್ರಣದಲ್ಲಿ ಬದಲಿಸಬಹುದು. ಸದ್ದಿಲ್ಲದೆ. ಶನಿವಾರದ ಸಭೆಯಲ್ಲಿ ಬೇಡ. ಅಪ್ಪನ ಸ್ನೇಹಿತರು ಬರುತ್ತಾರೆ."

"ಸದ್ದಿಲ್ಲದೇನಾ? ಕದ್ದದ್ದು ಸದ್ದಿಲ್ಲದೆ, ವಾಪಸ್ ಕೊಡೋದೂ ಸದ್ದಿಲ್ಲದೆ?"

ಆಗ ಅವಳು ಕೇಳಿದಳು. "ಒಂದು ಮಾತು ಹೇಳಿ. ಅಪ್ಪ ಸಾಯುವವರೆಗೆ ಇದೇ ಮನೆಯಲ್ಲಿದ್ದರು. ಇಂಡಿಯಾ ಬಿಡುವಾಗ ಎಲ್ಲರಿಗೂ ಈ ವಿಳಾಸ ಕೊಟ್ಟು ಬಂದಿದ್ದರು. ಇಷ್ಟು ವರ್ಷದಲ್ಲಿ ನಿಮ್ಮಲ್ಲಿ ಒಬ್ಬರೂ ಒಂದು ಕಾಗದ ಯಾಕೆ ಬರೆಯಲಿಲ್ಲ?"

ಸ್ಟೆಲ್ಲಾ ತಟ್ಟನೆ ಹೇಳಿದಳು: "ಸಾವಿತ್ರಿ ಬರೆದಿದ್ದಳು. ನಿಮ್ಮಪ್ಪನೇ ಉತ್ತರ ಕೊಡಲಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಕೋಪವೆಲ್ಲ ಎಲ್ಲಿಗೆ ಹೋಯಿತೋ ಕಾಣೆ.

"ಇಲ್ಲ" ಅಂದೆ. "ನಾನು ಬರೆಯಲಿಲ್ಲ."

ದೋಣಿಯಲ್ಲಿ

ನಡೆದದ್ದು ಇಷ್ಟು. ನನ್ನ ಮದುವೆಯಾಗಿ ಎರಡು ವರ್ಷವಾಗಿತ್ತು. ಗ್ರೇಸ್ ಭದ್ರಾವತಿಯಿಂದ ಬಸ್ಸಿನಲ್ಲಿ ವಿನೋಬನಗರಕ್ಕೆ ಬಂದಳು. ಕೈಯಲ್ಲಿ ಕ್ಲೌಸ್ ವಿಳಾಸದ ಚೀಟಿ. "ನೀನು ಇಂಗ್ಲಿಷ್ ಚೆನ್ನಾಗಿ ಬರೀತೀಯ. ನನ್ನ ಹಾಡೇನಾಯ್ತು ಅಂತ ಒಂದು ಕಾಗದ ಬರ್ದುಕೊಡೇ" ಅಂದಳು. ಅತ್ತೆ ಒಳಗೆ ಹಾಲ್‌ನಲ್ಲಿ ಕೂತಿದ್ದರು. ಮನೆಗೆ ಬಂದ ಸೊಸೆ ಹಿಂದೆ ಚರ್ಚಿನಲ್ಲಿ ನಿಂತು, ಯಾವನೋ ಬಿಳಿಯನ ಟೇಪಿಗೆ ಪ್ರೇಮದ ಹಾಡು ಹಾಡಿದ್ದಳು ಎಂದು ಆ ಮನೆಯಲ್ಲಿ ಗೊತ್ತಾದರೆ? ನಾನು ಗ್ರೇಸ್‌ಳನ್ನು ಗೇಟಿನಿಂದ ಒಳಗೆ ಕರೆಯಲಿಲ್ಲ. ಒಂದು ಲೋಟ ನೀರನ್ನೂ ಕೊಡಲಿಲ್ಲ. ಚೀಟಿ ಇಸಿದುಕೊಂಡು, ಬರೀತೀನಿ ಹೋಗು ಅಂದೆ. ಅದನ್ನು ಬಚ್ಚಲ ಒಲೆಗೆ ಹಾಕಿದೆ. ಆರು ತಿಂಗಳ ಮೇಲೆ ಮತ್ತೆ ಬಂದಾಗ "ಬರ್ದೆ, ಉತ್ತರ ಬಂದಿಲ್ಲ" ಅಂದೆ. ಅವಳು ನಂಬಿದಳು. ಸಾಯುವವರೆಗೂ ನಂಬಿದಳು.

ಇದನ್ನು ವಾಪಸ್ ಬರುವ ದೋಣಿಯಲ್ಲಿ ಸ್ಟೆಲ್ಲಾಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಮತ್ತೆ ಎದ್ದು ನಿಂತಳು. ಅಷ್ಟು ವರ್ಷದಲ್ಲಿ ಸ್ಟೆಲ್ಲಾ ಕೂಗಾಡಿದ್ದನ್ನು ನಾನು ಕಂಡಿರಲಿಲ್ಲ.

"ಏನಡೀ ಹೇಳ್ತಿದೀಯ? ಪ್ರತಿ ಭಾನುವಾರ ಕ್ವಾಯರ್‌ನಲ್ಲಿ ನನ್ನ ಪಕ್ಕ ನಿಂತ್ಕೊಂಡು ಹೇಳೋಳು, ಸಾವಿತ್ರಿ ಬರ್ದಿದಾಳೆ, ಇವತ್ತಲ್ಲ ನಾಳೆ ಬರುತ್ತೆ ಅಂತ. ಕೊನೇಲಿ ಆಸ್ಪತ್ರೇಲಿದ್ದಾಗ್ಲೂ ಕೇಳಿದ್ಲು, ಕಾಗದ ಬಂತಾ ಅಂತ! ನಾನು ಅವಳ ಕೈಗೆ ಸೂಜಿ ಚುಚ್ತಾ ಇಲ್ಲ ಕಣಮ್ಮ ಅಂದೆ. ಗೊತ್ತಾ ನಿಂಗೆ? ಗೊತ್ತಾ?"

ದೋಣಿಯ ಅಷ್ಟೂ ಜನ ತಿರುಗಿ ನೋಡಿದರು. ಸ್ಟೆಲ್ಲಾ ಅವರನ್ನೂ ಬಿಡಲಿಲ್ಲ. "ಏನ್ ನೋಡ್ತೀರಾ? ನಿಮ್ಮೂರಲ್ಲಿ ಯಾರೂ ಅಳಲ್ವಾ?" ಎಂದು ಕನ್ನಡದಲ್ಲೇ ಗದರಿದಳು. ಅವರು ಕಿಟಕಿ ಕಡೆ ತಿರುಗಿಕೊಂಡರು. ಅವಳು ಹೋಗಿ ಬೇರೆ ಬೆಂಚಿನಲ್ಲಿ ಕೂತಳು. ಅಲ್ಲಿಂದ ಮುಂದೆ ಎರಡು ದಿನ ನನ್ನ ಜೊತೆ ಮಾತಿಲ್ಲ. ಒಂದೇ ಕೋಣೆ, ಒಂದೇ ಟೇಬಲ್ಲು, ಬ್ರೆಡ್ಡಿನ ತಟ್ಟೆ ನನ್ನ ಕಡೆ ತಳ್ಳುತ್ತಿದ್ದಳು, ಅಷ್ಟೇ.

ಕ್ಲೌಸ್ ಕಳ್ಳ. ಅದರಲ್ಲಿ ಈಗಲೂ ನನಗೆ ಅನುಮಾನವಿಲ್ಲ. ಆದರೆ ಆ ಕಳ್ಳತನ ಹಿಡಿಯಬಹುದಾಗಿದ್ದ ಒಂದೇ ಒಂದು ಕಾಗದವನ್ನು ಬರೆಯದೆ ಬಿಟ್ಟವಳು ನಾನು. ಅವರಿಗೆ ಬೈಯಲು ಅಷ್ಟು ದೂರ ಹಾರಿ ಹೋಗಿದ್ದೆ. ನನಗೆ ಬೈಯಲು ವಿನೋಬನಗರದ ಕನ್ನಡಿ ಸಾಕಾಗಿತ್ತು.

ಶನಿವಾರದ ಸಭೆ

ಸಂಜೆ ನಾಲ್ಕಕ್ಕೆ ಸಭೆ. ಬಂದರಿನ ಹತ್ತಿರ ಹಿಂದೆ ಗೋದಾಮಾಗಿದ್ದ ಹಾಲು, ತುಂಬಿತ್ತು. ಬಿಸಿಲು ಮೊದಲ ಸಲ ಬಂದಿತ್ತು. ವೇದಿಕೆಯ ಹಿಂದಿನ ಕೋಣೆಯಲ್ಲಿ ಜೋನಾಸ್ ವಿವರಿಸಿದ: ನೀವು ಸೋಫಾದ ಮೇಲೆ ಕೂರುತ್ತೀರಿ, ನಾನು ಪರಿಚಯ ಓದುತ್ತೇನೆ, ಪ್ಲೇಟ್ ಹಾಕುತ್ತೇವೆ, ಮೂರು ಪ್ರಶ್ನೆ ಕೇಳುತ್ತೇನೆ. ಪರಿಚಯದ ಕಾಗದ ಇಸಿದುಕೊಂಡು ಓದಿದೆ. ಎರಡನೆಯ ಸಾಲಿನಲ್ಲೇ ಕ್ಲೌಸ್ ಎಂಬ ಪ್ರತಿಭಾವಂತ ಸಂಯೋಜಕ.

"ಮೊದಲು ಗ್ರೇಸ್ ಮಾತು ಹಾಕು. ಆಮೇಲೆ ಬೇಕಾದದ್ದು ಓದಿಕೋ" ಅಂದೆ.

ಅವನು ಪರದೆಯ ಸಂದಿಯಿಂದ ಮೊದಲ ಸಾಲಿನ ಕಡೆ ನೋಡಿದ. ಉಲ್ರಿಕೆ ಕೂತಿದ್ದಳು. "ಅವರು ಬೇಡ ಅಂದಿದ್ದಾರಲ್ಲ" ಎಂದ.

ಆಗ ಸ್ಟೆಲ್ಲಾ ಕುರ್ಚಿ ಎಳೆದುಕೊಂಡು ಬಾಗಿಲಿಗೆ ಅಡ್ಡ ಕೂತಳು. ರೇಷ್ಮೆ ಸೀರೆ, ಕೊರಳಲ್ಲಿ ಶಿಲುಬೆ, ತೊಡೆಯ ಮೇಲೆ ಕೈಚೀಲ. "ಗ್ರೇಸ್ ಇಲ್ಲದೆ ಸ್ಟೆಲ್ಲಾ ಇಲ್ಲ" ಅಂದಳು, ಅವನಿಗೆ ಅರ್ಥವಾಗುವ ಇಂಗ್ಲಿಷಿನಲ್ಲಿ. ಹೊರಗೆ ಜನ ಕಾಯುತ್ತಿದ್ದರು. ಐದು ನಿಮಿಷಕ್ಕೆ ಅವನು ಬೆವರಿದ. ಹತ್ತು ನಿಮಿಷಕ್ಕೆ ಪರಿಚಯದ ಕಾಗದ ಮಡಚಿ ಜೇಬಿಗೆ ಹಾಕಿಕೊಂಡ.

ಗ್ರೇಸ್ ದನಿ ಆ ಗೋದಾಮಿನಲ್ಲಿ ತುಂಬಿತು. ನಾನು ಮೈಕ್ ಹಿಡಿದು ಸಾಲು ಸಾಲಾಗಿ ಇಂಗ್ಲಿಷಿಗೆ ತಂದೆ. ನನ್ನನ್ನು ಬೈದದ್ದನ್ನೂ ಬಿಡಲಿಲ್ಲ. ಕ್ಲೌಸ್ ಅರ್ಥ ಕೇಳಿದ ಜಾಗ ಬಂದಾಗ ಉಲ್ರಿಕೆ ಎದ್ದು, ಕೋಟು ತೆಗೆದುಕೊಂಡು, ನೆಟ್ಟಗೆ ನಡೆದು ಹೊರಗೆ ಹೋದಳು.

"ಈ ಹಾಡು ಕಟ್ಟಿದವಳು ಗ್ರೇಸ್" ಅಂದೆ. "ಕ್ಲೌಸ್ ತನ್ನ ಹೆಸರು ಹಾಕಿಕೊಂಡರು. ಹಾಡು ಏನಾಯಿತು ಎಂದು ಕೇಳಿ ಒಂದು ಕಾಗದ ಬರೆ ಎಂದು ಗ್ರೇಸ್ ನನ್ನ ಮನೆ ಬಾಗಿಲಿಗೆ ಬಂದಿದ್ದಳು. ನಾನು ಬರೆಯಲಿಲ್ಲ. ಬರೆದೆ ಎಂದು ಸುಳ್ಳು ಹೇಳಿದೆ. ಅವಳು ಅದೇ ಸುಳ್ಳನ್ನು ನಂಬಿಕೊಂಡು ಸತ್ತಳು."

ಜನ ಚಪ್ಪಾಳೆ ತಟ್ಟಿದರು! ಎದ್ದು ನಿಂತು ತಟ್ಟಿದರು. ಚಪ್ಪಾಳೆ ತಟ್ಟುವ ಮಾತೇ ಅದು? ಮುಂದಿನ ಸಾಲಿನ ಒಬ್ಬ ಹೆಂಗಸು ಕಣ್ಣೊರೆಸಿಕೊಂಡು ಫೋಟೊ ತೆಗೆದಳು. ಇವರಿಗೆ ಎಲ್ಲವೂ ಕಾರ್ಯಕ್ರಮ. ನಮ್ಮ ಊರಿನಲ್ಲಾಗಿದ್ದರೆ ಯಾರಾದರೂ ಒಬ್ಬರು ಎದ್ದು "ಥೂ, ನಿನ್ನ" ಅನ್ನುತ್ತಿದ್ದರು. ಆ ಒಂದು ಮಾತಿಗೆ ನಾನು ಅಲ್ಲಿ ಹಂಬಲಿಸಿದೆ.

ಆಮೇಲೆ ಟೇಪಿನಲ್ಲಿ ಹಾಡು ಶುರುವಾಯಿತು. ಗ್ರೇಸ್ ಮೊರೆಯಿಟ್ಟು ಕೇಳುತ್ತಿದ್ದಳು. ನಮ್ಮ ಉತ್ತರದ ಜಾಗ ಬಂದಾಗ ಸ್ಟೆಲ್ಲಾ ನನ್ನ ಮುಖ ನೋಡದೆಯೇ, ಸೋಫಾದಿಂದ ಏಳದೆಯೇ, ತನ್ನ ತಗ್ಗಿನ ದನಿ ತೆಗೆದಳು. ಅವಳಿಗಿಂತ ಒಂದು ಉಸಿರು ಮುಂಚೆ ನಾನು ಬರಬೇಕಿತ್ತು. ತಡವಾಗಿ ಬಂದೆ. ದನಿ ಒಡೆದಿತ್ತು, ಮೇಲಿನ ಸ್ವರ ಸಿಗಲಿಲ್ಲ. 'ಆರೋ ಮುಂಚೆ' ಎಂದೇ ಹಾಡಿದೆ.

ಸೋಮವಾರ ನಾವು ಹೊರಡುವ ಮುಂಚೆ ಜೋನಾಸ್ ಓಡಿ ಬಂದ. ಉಲ್ರಿಕೆ ಸಹಿ ಮಾಡಿ ಕಳಿಸಿದ್ದಳು. ಇನ್ನು ಮುಂದೆ ಸಾಹಿತ್ಯ, ಸಂಗೀತ ಗ್ರೇಸ್. ಅಚ್ಚಾಗಿ ಉಳಿದಿರುವ ಪ್ಲೇಟುಗಳ ಮೇಲೆ ಚೀಟಿ ಅಂಟಿಸುವುದು. ನಮಗೆಂದು ಅವಳಿಂದ ಒಂದು ಮಾತೂ ಇರಲಿಲ್ಲ. ಇರಬೇಕೆಂದು ನನಗೂ ಅನಿಸಲಿಲ್ಲ. ಜೋನಾಸ್ ಮೊದಲ ಪ್ಲೇಟಿಗೆ ನಮ್ಮೆದುರೇ ಚೀಟಿ ಅಂಟಿಸಿ ಕೊಟ್ಟ. ಸೊಟ್ಟಗಾಗಿತ್ತು. "ಕಿತ್ತು ನೆಟ್ಟಗೆ ಅಂಟಿಸು" ಅಂದೆ. ಅಂಟಿಸಿದ.

ಜನ್ನಾಪುರ

ಬಂದ ಮೂರನೆಯ ದಿನ ಸ್ಟೆಲ್ಲಾ ಫೋನ್ ಮಾಡಿ "ಹತ್ತು ಗಂಟೆ ಬಸ್ಸಿಗೆ ಬಾ" ಎಂದಷ್ಟೇ ಹೇಳಿ ಇಟ್ಟಳು. ಗ್ರೇಸ್‌ಳ ತಮ್ಮ ಅಂತೋಣಿ ಜನ್ನಾಪುರದಲ್ಲೇ ಇದ್ದಾನೆ. ಫೌಂಡ್ರಿಯಲ್ಲಿ ದುಡಿದು ನಿವೃತ್ತನಾದವನು, ಕಿವಿ ಸ್ವಲ್ಪ ಮಂದ. ಗ್ರೇಸ್ ಮದುವೆಯಾಗಲಿಲ್ಲ, ಕೊನೆಯವರೆಗೂ ಇವನ ಮನೆಯಲ್ಲೇ ಇದ್ದಳು.

ಪ್ಲೇಟ್ ಅವನ ಕೈಗೆ ಕೊಟ್ಟೆವು. ಚೀಟಿಯ ಮೇಲಿನ ಅಕ್ಕನ ಹೆಸರನ್ನು ಓದಿದ. ತಿರುಗಿಸಿ ಮುಂದುಗಡೆ ನೋಡಿದ. ಆ ಮನೆಯಲ್ಲಿ ಪ್ಲೇಟ್ ಹಾಕುವ ಯಂತ್ರವೇ ಇರಲಿಲ್ಲ. ನಾವಿಬ್ಬರೂ ಅದನ್ನು ಯೋಚಿಸಿಯೇ ಇರಲಿಲ್ಲ.

ನಾನು ಕೂರದೆ, ನಿಂತುಕೊಂಡೇ ಕಾಗದದ ವಿಷಯ ಹೇಳಿದೆ. ಗೇಟು, ಚೀಟಿ, ಬಚ್ಚಲ ಒಲೆ, ಸುಳ್ಳು, ಕೊನೆಗೆ ಟೇಪಿನಲ್ಲಿ ಸಿಕ್ಕ ಗ್ರೇಸ್ ಮಾತು. ಗಟ್ಟಿಯಾಗಿ ಹೇಳಬೇಕಾಯಿತು, ಅವನ ಕಿವಿಗೆ ಬೀಳಲೆಂದು. ಪಕ್ಕದ ಮನೆಯವರಿಗೂ ಕೇಳಿಸಿರಬೇಕು.

"ಅಕ್ಕ ಸಂಜೆ ಹೊತ್ತು ಪೋಸ್ಟಾಫೀಸಿಗೆ ಹೋಗ್ಬರೋಳು" ಅಂದ ಅಂತೋಣಿ. "ನಾನು ಬೈತಿದ್ದೆ, ಯಾರ ಕಾಗದಾನೇ ನಿಂಗೆ ಅಂತ. ಒಂದು ಕಾಗದ ಮೇಡಂ. ಒಂದು ಕಾಗದ ಬರೀಬೇಕಿತ್ತು ನೀವು."

"ಹೌದು" ಅಂದೆ.

"ನಂಗೆ ಕೋಪ ಬರ್ತಿದೆ."

"ಬರ್ಲಿ."

ಅವನು ನನ್ನನ್ನು ಕ್ಷಮಿಸಲಿಲ್ಲ. ಹೊರಗೆ ಹೋಗಿ ಅಂತಲೂ ಹೇಳಲಿಲ್ಲ. ಕುರ್ಚಿಯ ಮೇಲಿದ್ದ ಒಗೆದ ಬಟ್ಟೆಗಳನ್ನು ತೆಗೆದು ಮಂಚಕ್ಕೆ ಹಾಕಿ, "ಕೂತ್ಕೊಳ್ಳಿ" ಅಂದ. ಸ್ಟೆಲ್ಲಾ ಫೋನಿನಲ್ಲಿ ಹಾಡು ಹಾಕಿದಳು. ಅವನು ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಹಾಡು ಪೂರ್ತಿ ಮುಗಿಯುವ ಮೊದಲೇ ತೆಗೆದ.

"ಇದು ಬೇಡ. ಹಾಡೋವಾಗ ಬೇರೆ ಯಾರೋ ಥರ ಇದಾಳೆ. ಮಾತಾಡಿದಾಳೆ ಅಂದ್ರಲ್ಲ, ಅದು ಹಾಕಿ. ನಮ್ಮನೇಲಿ ಇದ್ದೋಳು ಆ ಅಕ್ಕ."

ಸ್ಟೆಲ್ಲಾ ಹಾಕಿದಳು. ಅಂತೋಣಿ ಮುಂದೆ ಬಾಗಿ ಕೂತ. ಗ್ರೇಸ್ ನನ್ನನ್ನು ಬೈಯುತ್ತಿದ್ದಳು. ಅದು ಮುಗಿದಾಗ ಅವನು ನನ್ನ ಕಡೆಗೇ ನೋಡುತ್ತಾ, "ಇನ್ನೊಂದ್ಸಲ" ಅಂದ.